ಪಕ್ಕದ ಕೋಣೆಯಲ್ಲಿ ಅತ್ತವಳು

ಮೊಣಕಾಲಿನ ಹತ್ತಿರ ಉದ್ದ ಕಾಲುಚೀಲ ಹರಿದಿದೆ, ಹೆಬ್ಬೆರಳಿನಷ್ಟು, ಒಳಗಿನ ಚರ್ಮ ಇಣುಕುತ್ತಿದೆ, ಮಾಲ್ಸುನ್ ಕೈಚೀಲವನ್ನು ಮೆಲ್ಲಗೆ ಅದರ ಮೇಲೆ ಜರುಗಿಸಿದಳು, ಯಾರಾದರೂ ನೋಡಿದರೋ ಏನೋ — ಇಲ್ಲ, ಎಲ್ಲರ ಕಣ್ಣೂ ಎದುರಿಗೇ ಇದೆ, ಭಿಕ್ಷು ಮಂತ್ರ ಹೇಳುತ್ತಿದ್ದಾನೆ, ಕುರ್ಚಿಗಳ ಮೇಲೆ ಹದಿನಾಲ್ಕು ಜನ, ಒಂದು ಕೆಮ್ಮಿಲ್ಲ, ಒಂದು ಬಿಕ್ಕಿಲ್ಲ, ಇದೇನು ಸಾವಿನ ಮನೆಯೋ ಪರೀಕ್ಷೆಯ ಕೋಣೆಯೋ, ಅಲ್ಲಿ ಬಿಳಿ ಹೂವುಗಳ ನಡುವೆ ಪೆಟ್ಟಿಗೆಯಲ್ಲಿ ಅಕ್ಕ, ಇಮ್ಸುನ್, ತಮ್ಮೂರು ತೊಂಗ್ಯೊಂಗಿನ ಕಡಲ ದಂಡೆಯಿಂದ ಮದುವೆಯಾಗಿ ಕಡಲಾಚೆಯ ಒಸಾಕಾಕ್ಕೆ ಬಂದು ಐವತ್ತು ವರ್ಷ ಇಲ್ಲಿಯೇ ಸವೆದವಳು, ಫೋನಿನಲ್ಲಿ ಎಷ್ಟು ಸಲ ಹೇಳಿದ್ದಳು, ಇಲ್ಲಿಯೋರು ಸತ್ರೂ ಸದ್ದು ಮಾಡಲ್ಲ ಕಣೇ, ನಾನು ಹೋದಾಗ ನೀನು ಬಂದು ಗಂಟಲು ಬಿಟ್ಟು ಅತ್ತುಬಿಡು, ಒಬ್ಬರಾದರೂ ನಮ್ಮ ಮಾತಲ್ಲಿ ನನ್ನ ಕರೀಲಿ, ಆಯ್ತು ಬಿಡೇ ಅಕ್ಕ ಅಂದು ನಕ್ಕಿದ್ದಳು ಮಾಲ್ಸುನ್, ಸಿಂಪಿ ಬಿಡಿಸುವ ಚಾಕು ಕೈಯಲ್ಲೇ ಇತ್ತು, ಫೋನು ಭುಜಕ್ಕೂ ಕೆನ್ನೆಗೂ ನಡುವೆ, ಆಯ್ತು ಅನ್ನುವುದು ಎಷ್ಟು ಸುಲಭ, ಈಗ ಕೂತಿದ್ದಾಳೆ ನೋಡು ಬಾಯಿಗೆ ಬೀಗ ಜಡಿದುಕೊಂಡು, ಎಡಗಡೆ ಅಕ್ಕನ ಮಗಳು ಚಿಹಾರು ಆಗಾಗ ಇತ್ತ ತಿರುಗುತ್ತಾಳೆ, ಕಾಯುತ್ತಿದ್ದಾಳೆ, ಕಾಯದೆ ಏನು, ಅವಳಮ್ಮ ಹೇಳಿ ಹೇಳಿ ಬೆಳೆಸಿದ್ದಾಳೆ, ನನ್ನ ತಂಗಿ ಅತ್ತರೆ ಎದುರಿನ ದ್ವೀಪಕ್ಕೆ ಕೇಳಿಸುತ್ತೆ ಅಂತ.

ಊರಲ್ಲಿ ಯಾರು ಸತ್ತರೂ ಮಾಲ್ಸುನ್ ಎಲ್ಲಿ ಅನ್ನುತ್ತಿದ್ದರು, ಅವಳು ಬಾಗಿಲಲ್ಲಿ ನಿಂತು ಐಗೋ ಅಂತ ಒಂದು ಎಳೆ ತೆಗೆದರೆ ಸಾಕು, ಜಗಳವಾಡಿ ಮಾತು ಬಿಟ್ಟಿದ್ದ ಸೊಸೆಯರೂ ಅಳುತ್ತಿದ್ದರು, ಅದಕ್ಕೇ ಅಣ್ಣ, ನನ್ನ ಸೊಂಟ ವಿಮಾನ ಹತ್ತೋ ಸೊಂಟ ಅಲ್ಲ, ನೀನೇ ಹೋಗು, ನಮ್ಮೆಲ್ಲರ ಪಾಲಿಂದೂ ನೀನೇ ಅತ್ತು ಬಾ ಅಂದ, ಅರವತ್ತೆಂಟು ವರ್ಷಕ್ಕೆ ಮೊದಲ ಸಲ ಒಬ್ಬಳೇ ಕಡಲು ದಾಟಿದಳು, ವಿಮಾನದಲ್ಲಿ ಕೊಟ್ಟ ನೀರನ್ನೂ ಕುಡಿಯಲಿಲ್ಲ, ಶೌಚಕ್ಕೆ ಎಲ್ಲಿ ಹೋಗುವುದು, ಯಾರನ್ನು ಕೇಳುವುದು, ಅಣ್ಣನ ಮಗ ವಿಳಾಸ ಬರೆದುಕೊಟ್ಟ ಚೀಟಿ ಮುಷ್ಟಿಯಲ್ಲಿ ಹಿಡಿದು ಹಿಡಿದು ಬೆವರಿಗೆ ಮೆತ್ತಗಾಗಿತ್ತು, ಟ್ಯಾಕ್ಸಿಯವನಿಗೆ ತೋರಿಸಿದಳು, ಅವನು ಇಲ್ಲಿ ಇಳಿಸಿದ, ಸತ್ತವರನ್ನು ಕಳಿಸಿಕೊಡುವುದಕ್ಕೆಂದೇ ಇರುವ ಕಟ್ಟಡ, ಒಳಗೆ ಎರಡು ಬಾಗಿಲು, ಎರಡರ ಮುಂದೆಯೂ ಹಲಗೆ, ಹಲಗೆಯ ಮೇಲೆ ಅವಳಿಗೆ ಬಾರದ ಅಕ್ಷರ, ಒಂದು ಬಾಗಿಲು ತೆರೆದಿತ್ತು, ಯಾರನ್ನಾದರೂ ಕೇಳಬೇಕಿತ್ತು, ಚೀಟಿ ತೋರಿಸಬೇಕಿತ್ತು, ಆದರೆ ಹೊಸ್ತಿಲಲ್ಲಿ ನಿಂತು ಇದು ಯಾರ ಸಾವು ಅಂತ ಯಾರಾದರೂ ವಿಚಾರಿಸುತ್ತಾರೆಯೇ, ಹೊಸ್ತಿಲಿಂದಲೇ ದನಿ ತೆಗೆಯಬೇಕು, ತಲೆ ಬಗ್ಗಿಸಿಕೊಂಡೇ ಹೋಗಬೇಕು, ಎರಡು ಸಲ ಅಡ್ಡಬೀಳಬೇಕು, ಫೋಟೋದ ಮುಖ ನೋಡುವುದು ಆಮೇಲೆ, ಅಮ್ಮ ಕಲಿಸಿದ್ದು ಹಾಗೆ, ಅಜ್ಜಿ ಕಲಿಸಿದ್ದು ಹಾಗೆ, ಹಾಗೆಯೇ ಹೋದಳು, ಐಗೋ, ಅಕ್ಕಾ, ನನ್ನ ಬಿಟ್ಟು ಹೋದೆಯಾ, ಒಂದೇ ಹೊದಿಕೆಯಲ್ಲಿ ಮಲಗಿದ್ದೆವಲ್ಲೇ, ನಿನ್ನ ಕೈಯ ಗಂಜಿ ಇನ್ಯಾರು ಕೊಡ್ತಾರೆ — ಹನ್ನೊಂದು ವರ್ಷ ನೋಡದ ಅಕ್ಕ, ಕಟ್ಟಿಟ್ಟುಕೊಂಡಿದ್ದೆಲ್ಲ ಒಂದೇ ಸಲ ಹೊರಬಂತು, ನೆಲಕ್ಕೆ ಬಿದ್ದಳು, ಎದ್ದಳು, ಮತ್ತೆ ಬಿದ್ದಳು, ಕಾಲುಚೀಲ ಹರಿದದ್ದು ಆಗಲೇ ಇರಬೇಕು, ಆಮೇಲೆ ತಲೆ ಎತ್ತಿ ಫೋಟೋ ನೋಡಿದರೆ ಕಪ್ಪು ಚೌಕಟ್ಟಿನ ಕನ್ನಡಕ, ಉದ್ದ ಮುಖ, ಯಾರೋ ಮುದುಕಿ.

ಅಯ್ಯೋ ದೇವರೇ, ಅಲ್ಲಿಗೇ ನಿಲ್ಲಿಸಬಹುದಿತ್ತಲ್ಲ, ನಿಲ್ಲಿಸಲಿಲ್ಲ, ಅದೇ ನಾಚಿಕೆ, ಮುಖ ಕಂಡ ಮೇಲೂ ಇನ್ನು ಮೂರು ಸಲ ಐಗೋ ಅಂದಳು, ಕೋಣೆಯವರೆಲ್ಲ ನೋಡುತ್ತಿದ್ದರು, ಥಟ್ಟನೆ ನಿಲ್ಲಿಸಿದರೆ ಹುಚ್ಚಿ ಅಂದುಕೊಂಡಾರು ಅಂತ ಯಾರಿಗೂ ಸೇರದ ಅಳು ಅತ್ತಳು, ನಾಟಕದವಳ ಹಾಗೆ, ಆಗ ಪಕ್ಕದಲ್ಲಿ ಯಾರೋ ಮಂಡಿಯೂರಿದರು, ಅರವತ್ತರ ಹತ್ತಿರದ ಗಂಡಸು, ಮಗನೇ ಇರಬೇಕು, ನಡುನೆತ್ತಿಯಲ್ಲಿ ಕೂದಲಿಲ್ಲ, ಆ ತಲೆ ನೆಲದವರೆಗೂ ಬಾಗಿತು, ಭುಜ ಅದುರುತ್ತಿತ್ತು, ಅವನೂ ಅಳುತ್ತಿದ್ದ, ಸದ್ದಿಲ್ಲದೆ, ಇವಳನ್ನು ನೋಡಿ ಅತ್ತನೋ ತನ್ನ ಅಮ್ಮನಿಗೆ ಅತ್ತನೋ, ಮಾಲ್ಸುನ್ ಅಲ್ಲಿಂದ ಹಿಂದುಹಿಂದಕ್ಕೆ ಹೆಜ್ಜೆಯಿಟ್ಟು ಹೊರಬಿದ್ದಳು, ಕಪ್ಪು ಬಟ್ಟೆಯ ಕೆಲಸದ ಹುಡುಗಿ ಚೀಟಿ ಓದಿ, ಗೋಣು ಹಾಕಿ, ಎರಡನೆಯ ಬಾಗಿಲಿಗೆ ಕರೆದುಕೊಂಡು ಹೋದಳು, ಹತ್ತು ಹೆಜ್ಜೆ, ಬರೀ ಹತ್ತು ಹೆಜ್ಜೆ.

ಅಲ್ಲಿ ಚಿಹಾರು ಕೈ ಹಿಡಿದುಕೊಂಡಳು, ಅಮ್ಮನಿಂದ ಕಲಿತ ಮಾತಿನಲ್ಲಿ ತಡೆತಡೆದು, ಚಿಕ್ಕಮ್ಮ ಬಂದ್ರಾ, ಪಕ್ಕದ ಕೋಣೇಲಿ ಯಾರೋ ಅತ್ತರು, ಅಮ್ಮ ಹೇಳ್ತಿದ್ದ ಹಾಗೇ ಅತ್ತರು, ನೀವೇ ಬಂದ್ರಿ ಅಂತ ಎದ್ದು ನಿಂತುಬಿಟ್ಟೆ ಅಂದಳು, ಆಗ ಹೌದು ಅಂದಿದ್ದರೆ ಆಗುತ್ತಿತ್ತು, ತಪ್ಪಾಯ್ತು ಮಗಳೇ, ಬಾಗಿಲು ತಪ್ಪಿ ಹೋದೆ ಅಂದಿದ್ದರೆ ಆ ಹುಡುಗಿ ನಗುತ್ತಿದ್ದಳೋ ಏನೋ, ಆದರೆ ಬಾಯಿಗೆ ಬಂದದ್ದು ಬೇರೆ — ಯಾರೋ ಏನೋಮ್ಮ, ನನಗೆ ಗೊತ್ತಿಲ್ಲ, ನಾನು ಈಗ ತಾನೇ ಬಂದೆ. ಅಕ್ಕನ ಹೆಣದ ಎದುರಿಗೇ ಸುಳ್ಳು ಹೇಳಿದಳು. ಈಗ ಬಾಯಿ ತೆರೆದರೆ ಅದೇ ದನಿ ಅಲ್ಲವೇ ಹೊರಡುವುದು, ಚಿಹಾರು ಕಿವುಡಿಯೇ, ಈ ಊರಲ್ಲಿ ಐಗೋ ಅನ್ನುವವರು ಬೀದಿಗೊಬ್ಬರು ಇದ್ದಾರೆಯೇ, ಸುಳ್ಳಿ ಅನ್ನಿಸಿಕೊಳ್ಳುವುದೋ ಅಕ್ಕನನ್ನು ಕರೆಯದೆ ಕಳಿಸುವುದೋ, ಛೀ, ಇದರಲ್ಲಿ ಯೋಚಿಸುವುದೇನಿದೆ, ಅಳೇ ಮಾಲ್ಸುನ್, ಅಳು, ಇಷ್ಟಕ್ಕೇ ಅಲ್ಲವೇ ಬಂದದ್ದು, ಮಂತ್ರ ಮುಗಿಯಲಿ, ಆಮೇಲೆ, ಧೂಪ ಹಾಕುವಾಗ, ಸರದಿ ಬಂತು, ಮೂರು ಬೆರಳಲ್ಲಿ ಚಿಟಿಕೆ ಪುಡಿ ಕೆಂಡದ ಮೇಲೆ, ಹಿಂದೆ ಜನ ಸಾಲಾಗಿ ನಿಂತಿದ್ದಾರೆ, ಈಗಲ್ಲ, ಹೂವಿಡುವಾಗ.

ಹೂವಿಡಲು ಎಲ್ಲರೂ ಪೆಟ್ಟಿಗೆಯ ಸುತ್ತ ಬಂದರು, ಅಕ್ಕ ಎಷ್ಟು ಚಿಕ್ಕವಳಾಗಿದ್ದಾಳೆ, ತುಟಿಗೆ ಬಣ್ಣ ಹಚ್ಚಿದ್ದಾರೆ, ಬದುಕಿದ್ದಾಗ ಎಂದೂ ಹಚ್ಚಿದವಳಲ್ಲ, ಮಾಲ್ಸುನ್ ಕಿವಿಯ ಪಕ್ಕ ಒಂದು ಹೂವಿಟ್ಟಳು, ಕೆನ್ನೆ ತಾಗಿತು, ತಣ್ಣಗೆ, ಚಿಹಾರು ಮೆಲ್ಲಗೆ, ಚಿಕ್ಕಮ್ಮ, ಅಮ್ಮನ್ನ ಕರೀರಿ, ಇನ್ನು ಮುಚ್ಚುತ್ತಾರೆ ಅಂದಳು, ಕೋಣೆಯಲ್ಲಿದ್ದವರೆಲ್ಲ ಜಾಗ ಬಿಟ್ಟು ಹಿಂದೆ ಸರಿದರು, ದನಿ ನಾಲಿಗೆಯವರೆಗೂ ಬಂದಿತ್ತು, ಅಷ್ಟರಲ್ಲಿ ಚಿಹಾರುವಿನ ಮುಖ ಕಂಡಿತು, ಇಷ್ಟು ಹತ್ತಿರ, ಕಿವಿಗೊಟ್ಟು ನಿಂತ ಮುಖ, ಮಾಲ್ಸುನ್ ಹಲ್ಲು ಕಚ್ಚಿದಳು, ಇವರ ಪದ್ಧತಿ ಕೆಡಿಸೋದು ಬೇಡಮ್ಮ ಅಂದಳು, ಎಂಥ ಗೌರವಸ್ಥೆಯ ಹಾಗೆ ಅಂದಳು, ಚಿಹಾರು ತಲೆ ತಗ್ಗಿಸಿದಳು, ಮುಚ್ಚಳ ಕೂತಿತು.

ಪಡಸಾಲೆಯಲ್ಲಿ ಪೆಟ್ಟಿಗೆಯ ಹಿಂದೆ ನಡೆಯುವಾಗ ಚಿಹಾರುವಿನ ಕೈಯಲ್ಲಿ ಅಕ್ಕನ ಫೋಟೋ, ಪಕ್ಕದ ಕೋಣೆಯ ಬಾಗಿಲು ತೆರೆಯಿತು, ಆ ಗಂಡಸು ಹೊರಗೆ ಬಂದ, ಮಾಲ್ಸುನ್ ಮುಖ ತಿರುಗಿಸಿದಳು, ತಡವಾಯಿತು, ಕಂಡುಬಿಟ್ಟ, ನೇರ ಅವಳೆದುರಿಗೆ ಬಂದು ನಿಂತ, ಕೈಗಳನ್ನು ತೊಡೆಗೆ ಒತ್ತಿ, ಸೊಂಟ ಮುರಿದವನ ಹಾಗೆ ಬಾಗಿದ, ಏನೇನೋ ಹೇಳಿದ, ದನಿ ಒಡೆಯುತ್ತಿತ್ತು, ಚಿಹಾರು ಕೇಳಿಸಿಕೊಂಡಳು, ಅವನನ್ನು ನೋಡಿದಳು, ಚಿಕ್ಕಮ್ಮನನ್ನು ನೋಡಿದಳು, ಮೊಣಕಾಲಿನ ಹರಿದ ಕಾಲುಚೀಲ ನೋಡಿದಳು, ಆಮೇಲೆ ಒಂದೊಂದೇ ಮಾತನ್ನು ನಮ್ಮ ಭಾಷೆಗೆ ತಂದು ಕೈಗಿಟ್ಟ ಹಾಗೆ ಹೇಳಿದಳು — ಇವರಮ್ಮನಿಗೆ ಯಾರೂ ಹಾಗೆ ಅತ್ತಿರಲಿಲ್ಲವಂತೆ. ತನಗೂ ಅಳೋಕೆ ಬರಲ್ಲವಂತೆ. ನೀವು ಅಮ್ಮನ ಹಳೇ ಸ್ನೇಹಿತೆ ಇರಬೇಕಂತೆ. ನಿಮ್ಮ ಋಣ ಮರೆಯಲ್ಲವಂತೆ. ಅಷ್ಟು ಹೇಳಿ ಚಿಹಾರು ಫೋಟೋವನ್ನು ಎದೆಗೆ ಒತ್ತಿಕೊಂಡು ಪೆಟ್ಟಿಗೆಯ ಹಿಂದೆ ಹೊರಟಳು, ಒಂದು ಸಲವೂ ತಿರುಗಲಿಲ್ಲ, ಹೋಗಬೇಕು, ಅವಳ ಹಿಂದೆ ಓಡಬೇಕು, ಕೈ ಹಿಡಿದು ತಪ್ಪಾಯ್ತು ಅನ್ನಬೇಕು, ಹೆಣದ ಗಾಡಿಯ ಬಾಗಿಲು ಹಾಕುವುದರೊಳಗೆ ಒಂದು ಸಲ, ಒಂದೇ ಸಲ ಅಕ್ಕಾ ಅನ್ನಬೇಕು, ಆದರೆ ದಾರಿಗೆ ಅಡ್ಡವಾಗಿ ಆ ತಲೆ, ನಡುನೆತ್ತಿಯಲ್ಲಿ ಕೂದಲಿಲ್ಲ, ಬೆವರ ಹನಿ ಕೂತಿದೆ, ಏಳಪ್ಪಾ, ಏಳು, ನಾನು ನಿಮ್ಮಮ್ಮನಿಗೆ ಏನೂ ಅಲ್ಲ, ಬಾಗಿದ ಆ ತಲೆ, ಏಳುತ್ತಿಲ್ಲ, ಬಾಗಿಯೇ ಇದೆ