ಮೊಣಕಾಲಿನವರೆಗೆ

"ಮೊಣಕಾಲಿನವರೆಗೆ," ಎಂದಳು ಅಕ್ಕ, ಬಗ್ಗಿ ಕಾಲು ಮುಟ್ಟಿ ತೋರಿಸುತ್ತ. "ಅದಕ್ಕಿಂತ ಒಂದು ಬೆರಳೂ ಮೇಲೆ ಬಂದಿಲ್ಲ."

ಸರ್ವೇಯರ್ ಪೆನ್ನಿನ ಮುಚ್ಚಳ ತೆಗೆಯಲಿಲ್ಲ. ಬೆಳಗಿನಿಂದ ಹನ್ನೊಂದು ಮನೆಗಳಲ್ಲಿ ಇದೇ ಮಾತು ಕೇಳಿ ಅವನ ಕಿವಿ ತೂತಾಗಿತ್ತು. ಇಪ್ಪತ್ತೆರಡು ವರ್ಷದ ಹಿಂದೆ ಹೊಳೆ ಉಕ್ಕಿದಾಗ ಯಾವ ಮನೆಗೆ ಎಷ್ಟು ನೀರು ಬಂದಿತ್ತೆಂದು ಕೇಳಿ, ಅಪಾಯದ ನಕ್ಷೆಗೆ ಬಣ್ಣ ಹಾಕುವುದು ಅವನ ಕೆಲಸ. ಮೊಣಕಾಲಿಗೆ ಬಂದಿದ್ದರೆ ಹಳದಿ, ಎದೆಗೆ ಬಂದಿದ್ದರೆ ಕೆಂಪು. ಕೆಂಪಾದ ಮನೆಯನ್ನು ಎರಡು ವರ್ಷದೊಳಗೆ ಖಾಲಿ ಮಾಡಬೇಕು. ಬೀದಿಯವರೆಲ್ಲ ಮೊದಲೇ ಮಾತಾಡಿಕೊಂಡಿದ್ದರು. ಬೀದಿನಾಯಿಗೆ ಮಾತು ಬಂದಿದ್ದರೆ ಅದೂ ಮೊಣಕಾಲೆಂದೇ ಹೇಳುತ್ತಿತ್ತು.

ಅಕ್ಕನ ಮನೆಯಿರುವ ಈ ಬೀದಿ ತನಗೆ ಬೇಡವೆಂದು ಅವನು ಸಾಹೇಬರ ಹತ್ತಿರ ಎರಡು ಸಲ ಗೋಗರೆದಿದ್ದ. "ನಿಮ್ಮಕ್ಕ ನಿಮಗಾದರೂ ನಿಜ ಹೇಳ್ತಾರೆ ಬಿಡ್ರಿ," ಎಂದು ಅವರು ಕೈ ತೊಳೆದುಕೊಂಡಿದ್ದರು. ನೆರೆ ಬಂದ ವರ್ಷ ಅವನು ದೂರದೂರಲ್ಲಿ ಓದುತ್ತಿದ್ದ. ಅಕ್ಕನ ಮಾತನ್ನು ಅಲ್ಲಗಳೆಯಲು ಅವನ ಹತ್ತಿರ ಏನೂ ಇರಲಿಲ್ಲ.

ಮೋಡ ಕವಿದು ಕೋಣೆ ಮಬ್ಬಾಯಿತು. ಅಕ್ಕ ಬಾಗಿಲ ಪಕ್ಕದ ಸ್ಟೂಲ್ ಎಳೆದು, ಹತ್ತಿ, ತಲೆಗಿಂತ ಮೇಲಿದ್ದ ಸ್ವಿಚ್ಚು ಒತ್ತಿದಳು. ಅಂಥ ಸ್ಟೂಲನ್ನು ಅವನು ಬೆಳಗಿನಿಂದ ಮನೆಮನೆಯಲ್ಲೂ ನೋಡಿದ್ದ. ಸುಸ್ತಾಗಿ ಅವುಗಳ ಮೇಲೆಯೇ ಕೂತೂ ಇದ್ದ. ತನ್ನ ದಡ್ಡತನಕ್ಕೆ ಅವನಿಗೇ ನಾಚಿಕೆಯಾಯಿತು.

"ಯಾಕಕ್ಕ ಸ್ವಿಚ್ಚು ಅಷ್ಟು ಮೇಲೆ?"

"ವೈರಿಂಗ್ ಮಾಡಿದವನ ತಲೆಹರಟೆ."

"ಹನ್ನೆರಡು ಮನೇಲೂ?"

ಅಕ್ಕ ಇಳಿದು ಸ್ಟೂಲಿನ ಮೇಲೆ ಕುಸಿದಳು. ಒಳಕೋಣೆಯಲ್ಲಿ ಭಾವ ಪಾರ್ಶ್ವವಾಯು ಬಡಿದು ಎರಡು ವರ್ಷದಿಂದ ಮಲಗಿದ್ದ.

"ಕೆಂಪು ಅಂತ ಬರೆದ್ರೆ ಇವರನ್ನ ಕಟ್ಕೊಂಡು ಎಲ್ಲಿಗೆ ಹೋಗ್ಲೋ? ಮಗ್ಗುಲು ಹೊರಳಿಸೋಕೂ ಪಕ್ಕದ ಮನೆಯವನನ್ನ ಕರೀತೀನಿ. ಹೊಸ ಜಾಗದಲ್ಲಿ ಯಾರನ್ನ ಕರೀಲಿ?"

"ಖಾಲಿ ಮಾಡೋದ್ರೊಳಗೆ ನೀರು ಬಂದ್ರೆ, ಆ ದಿನ ದೋಣಿ ಮೊದಲು ಹೋಗೋದು ಕೆಂಪು ಮನೆಗಳಿಗೆ, ಅಕ್ಕ. ಹಳದಿಯವರಿಗೆ ಫೋನಿಗೊಂದು ಮೆಸೇಜ್ ಬರುತ್ತೆ, ಅಷ್ಟೇ. ಭಾವನ್ನ ಯಾರು ಎತ್ತುತ್ತಾರೆ?"

"ಯಾಕೆ, ನೀನು ಬರಲ್ವಾ?"

ಬರ್ತೀನಿ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. "ಆವತ್ತು ನಾನು ಆಫೀಸಲ್ಲಿ ಕೂತು ಯಾವ ದೋಣಿ ಎಲ್ಲಿಗೆ ಅಂತ ಪಟ್ಟಿ ಬರೀತಿರ್ತೀನಿ," ಎಂದ.

"ಹಾಗಾದ್ರೆ ನಿನಗೆ ಬೇಕಾದ್ದನ್ನೇ ಬರ್ಕೊ, ಹೋಗು!" ಅಕ್ಕ ದಡಕ್ಕನೆ ಎದ್ದು ಒಳಗೆ ಹೋದಳು.

ಅವನಿಗೆ ಸಿಟ್ಟು ಬಂತು, ಅದರ ಹಿಂದೆಯೇ ಅಳುವೂ ಬಂತು. ಒಳಗೆ ಅಕ್ಕ ಭಾವನನ್ನು ಹೊರಳಿಸಲು ಒಬ್ಬಳೇ ಹೆಣಗುತ್ತಿದ್ದಳು. ಮಂಚ ಕಿರುಗುಟ್ಟಿತು, ನಿಂತಿತು, ಮತ್ತೆ ಕಿರುಗುಟ್ಟಿತು. ಅವನು ಹೋಗಿ ಭುಜಕ್ಕೆ ಕೈ ಕೊಟ್ಟ. ಇಬ್ಬರೂ ಸೇರಿದರೂ ಆ ದೇಹ ಒಂದು ಗೇಣು ಸರಿಯುವಷ್ಟರಲ್ಲಿ ಏದುಸಿರು ಬಂತು. ಅಕ್ಕ ಮಂಚದ ಅಂಚಿಗೆ ಕೂತು ಗಂಡನ ಮುಖವನ್ನೇ ನೋಡಿದಳು.

ಅವನು ಹೊರಗೆ ಬಂದು ಟೇಪು ಎಳೆದ. ಒಂದು ತುದಿಯನ್ನು ಸ್ವಿಚ್ಚಿಗೆ ಹಿಡಿದರೆ ನೆಲದ ತುದಿ ಜಾರುತ್ತಿತ್ತು. ಎರಡು ಸಲ ಜಾರಿತು. ಮೂರನೆಯ ಸಲ ಅದರ ಮೇಲೆ ಅಕ್ಕನ ಪಾದ ಬಂದು ಕೂತಿತು.

"ಸ್ವಿಚ್ಚಿಗಲ್ಲ," ಎಂದಳು ಅಕ್ಕ, ಗೋಡೆಯ ಕಡೆ ನೋಡದೆ. "ನೀರು ನಿಂತಿದ್ದು ಅದಕ್ಕಿಂತ ನಾಲ್ಕು ಬೆರಳು ಕೆಳಗೆ."

ಅವನು ಟೇಪು ಇಳಿಸಿದ, ಓದಿದ, ಬರೆದುಕೊಂಡ. ಬರೆದು ಮುಗಿದ ಮೇಲೂ ಅಕ್ಕ ಕಾಲು ತೆಗೆಯಲಿಲ್ಲ.