ಕಿಟಕಿ ಉಳಿದ ಕಣ್ಣು

"ಕೈಯಲ್ಲಿ ಹಿಡ್ಕೊಂಡು ನೋಡಿ ಸಾರ್, ಆಗ್ಲೇ ಗೊತ್ತಾಗೋದು," ಎಂದು ಅಂಗಡಿಯವನು ಗಾಜಿನ ಮೇಜಿನಾಚೆಯಿಂದ ಕ್ಯಾಮೆರಾವನ್ನು ಮುಂದೆ ಚಾಚಿದ.

ಕಣ್ಣುಮಾಮ ಬಲಗೈಯನ್ನು ಪ್ಯಾಂಟಿನ ಜೇಬಿನಿಂದ ತೆಗೆಯಲಿಲ್ಲ. ಮನೆಯಿಂದ ಹೊರಟಾಗಿನಿಂದ ಆ ಕೈ ಅಲ್ಲೇ ಇತ್ತು. ಬಸ್ಸಿನಲ್ಲಿ ಕಂಬಿ ಹಿಡಿದದ್ದೂ ಎಡಗೈಯಲ್ಲೇ. ಕ್ಯಾಮೆರಾ ಗಾಳಿಯಲ್ಲಿ ತೂಗುತ್ತ ನಿಂತಿತು. ಪಕ್ಕದಲ್ಲಿದ್ದ ಹೆಂಡತಿ ತನಗೇ ಕೊಟ್ಟರೇನೋ ಎಂಬಂತೆ ಎರಡೂ ಕೈ ಒಡ್ಡಿ ಅದನ್ನು ಇಸಿದುಕೊಂಡಳು. ತಿರುಗಿಸಿ ಮುರುಗಿಸಿ ನೋಡಿ, ಪ್ರೆಷರ್ ಕುಕ್ಕರಿನಷ್ಟು ತೂಕವಿದೆ, ಪರವಾಗಿಲ್ಲ, ಬಾಳಿಕೆ ಬರಬಹುದು ಎಂದಳು.

ಮದುವೆ ಫೋಟೋಗೆ ಒಂದು, ಹಕ್ಕಿ ಹಿಡಿಯುವುದಕ್ಕೆ ಒಂದು, ಮೊಮ್ಮಕ್ಕಳಿಗೆ ಒಂದು ಎಂದು ಅಂಗಡಿಯವನ ಬಳಿ ಬೇರೆ ಬೇರೆ ಮಾತು ತಯಾರಿತ್ತು. ಯಾವುದನ್ನು ಆಡಬೇಕೆಂದು ತಿಳಿಯಲು, ಏನು ತೆಗೆಯಬೇಕು ನಿಮಗೆ ಎಂದು ಕೇಳಿದ.

"ಕಣ್ಣು," ಎಂದ ಕಣ್ಣುಮಾಮ.

"ಯಾರ ಕಣ್ಣು ಸಾರ್?"

"ಒಂದೇ ಇರೋರದ್ದು."

ಅಂಗಡಿಯವನು ನಗಬೇಕೋ ಬೇಡವೋ ತಿಳಿಯದೆ ಕಣ್ಣುಮಾಮನ ಹೆಂಡತಿಯ ಮುಖ ನೋಡಿದ.

ಕಣ್ಣುಮಾಮ ಕೃತಕ ಕಣ್ಣು ಮಾಡುವವನು. ಆ ಹೆಸರು ಇಟ್ಟದ್ದು ಅವನ ಬಳಿ ಬಂದ ಮಕ್ಕಳು. ಆಮೇಲೆ ದೊಡ್ಡವರಿಗೂ ಅಂಟಿತು. ಅಪಘಾತದಲ್ಲೋ ಕಾಯಿಲೆಯಲ್ಲೋ ಒಂದು ಕಣ್ಣು ಕಳೆದುಕೊಂಡವರು ಆಸ್ಪತ್ರೆಯ ಚೀಟಿ ಹಿಡಿದು ಅವನ ಮನೆಯ ಮುಂದಿನ ಕೋಣೆಗೆ ಬರುತ್ತಿದ್ದರು. ಅವರನ್ನು ಕಿಟಕಿಗೆ ಎದುರಾಗಿ ಕೂರಿಸಿ, ಉಳಿದ ಕಣ್ಣನ್ನು ನೋಡುತ್ತ, ಗುಂಡಿಯಷ್ಟೇ ಅಗಲದ ಬಿಲ್ಲೆಯ ಮೇಲೆ ಅದರ ಬಣ್ಣವನ್ನು ಪದರಪದರವಾಗಿ ಬರೆಯುತ್ತಿದ್ದ. ಹಲ್ಲಿನ ಸೆಟ್ಟು ಮಾಡುವಂಥದೇ ಪ್ಲಾಸ್ಟಿಕ್ಕಿನಲ್ಲಿ ಬಿಳಿ ಗುಡ್ಡೆ ಎರೆದು, ಬಿಲ್ಲೆಯನ್ನು ಕೂರಿಸಿ, ಕೆಂಪು ರೇಷ್ಮೆಯ ಎಳೆ ಬಿಡಿಸಿ ನರಗಳನ್ನು ಅಂಟಿಸಿ, ಮೇಲೊಂದು ತಿಳಿ ಪದರ ಕೊಟ್ಟು ಬೇಯಿಸಿದ ಮೇಲೆ ಅದು ಹೆಂಡತಿಯ ಕೈಗೆ ಹೋಗುತ್ತಿತ್ತು. ಉಜ್ಜಿ ಹೊಳಪು ತರುವುದು ಅವಳ ಪಾಲು. ಬಣ್ಣ ನನ್ನದು, ಜೀವ ಇವಳದು ಎಂದು ಅವನು ಬಂದವರಿಗೆಲ್ಲ ಹೇಳುವುದಿತ್ತು. ಹೊಗಳಿ ಹೊಗಳಿಯೇ ದುಡಿಸಿಕೊಂಡರು ಎಂದು ಅವಳು ಒಳಗಿನಿಂದ ಸೇರಿಸುವುದೂ ಇತ್ತು.

ಹಾಗೆ ಪಾಲು ಮಾಡಿಕೊಂಡಿದ್ದರಿಂದ ಬಿಲ್ಲೆಯ ಮೇಲೆ ಅವನು ಹೊಳಪನ್ನು ಎಂದೂ ಬರೆದವನಲ್ಲ. ಎದುರು ಕೂತವರ ಕಣ್ಣಿನೊಳಗೆ ಕಿಟಕಿಯ ಬೆಳಕು ಬಿದ್ದು ಹೊಳೆಯುತ್ತಿದ್ದರೂ ಅವನ ನೋಟ ಅದನ್ನು ದಾಟಿ ಹಿಂದಿನ ಬಣ್ಣಕ್ಕೇ ಹೋಗುತ್ತಿತ್ತು. ಅವನ ಕುಂಚಗಳನ್ನು ಹೆಂಡತಿ ಧೂಳು ಒರೆಸುವುದಕ್ಕೂ ಮುಟ್ಟುತ್ತಿರಲಿಲ್ಲ. ಅವನು ಮುಟ್ಟಗೊಟ್ಟವನೂ ಅಲ್ಲ.

ಕೈ ನಡುಗಲು ಶುರುವಾದದ್ದು ಅವನಿಗಿಂತ ಮೊದಲು ಅವಳಿಗೆ ಗೊತ್ತಾಯಿತು. ಕುಂಚ ತೊಳೆಯುವ ಗಾಜಿನ ಲೋಟದ ಅಂಚಿಗೆ ಟಿಕಟಿಕ ತಾಗುವ ಸದ್ದು ಅಡುಗೆಮನೆಯವರೆಗೆ ಕೇಳಿಸುತ್ತಿತ್ತು. ಅವಳು ಏನೂ ಹೇಳದೆ ಲೋಟ ತೆಗೆದು ಪ್ಲಾಸ್ಟಿಕ್ ಡಬ್ಬಿ ಇಟ್ಟಳು. ಡಾಕ್ಟರು ಕೈಯನ್ನು ಹಿಡಿದು, ಬಿಟ್ಟು, ಬೆರಳು ತಟ್ಟಿಸಿ ನೋಡಿ, ಇದು ಬಂದು ಹೋಗುವ ಕಾಯಿಲೆಯಲ್ಲ, ಜೊತೆಗಿರುವ ಕಾಯಿಲೆ ಎಂದರು. ಅಂದಿನಿಂದ ಕೈ ಜೇಬು ಸೇರಿತು.

ಈಗ ಕುತ್ತಿಗೆಗೆ ಬಂದದ್ದು ಶಾಲೆಯ ಟೀಚರಮ್ಮನ ಕಣ್ಣು. ಹಿಂದೆ ಅವನೇ ಮಾಡಿಕೊಟ್ಟದ್ದು ಸಡಿಲವಾಗಿ, ಪಾಠದ ನಡುವೆ ಒಮ್ಮೆ ಮೇಜಿನ ಮೇಲೇ ಬಿದ್ದು, ಆಕೆ ರಜೆ ಹಾಕಿ ಮನೆ ಸೇರಿದ್ದಳು. ಸೋಮವಾರ ಹೋಗಲೇಬೇಕು. ಹೊಸ ಗುಡ್ಡೆ ತಯಾರಾಗಿತ್ತು, ಬಿಲ್ಲೆ ಮಾತ್ರ ಆಗುತ್ತಿರಲಿಲ್ಲ. ಬರೆದದ್ದೆಲ್ಲ ಹಾಳಾಗಿ, ಹಾಳಾದದ್ದನ್ನೆಲ್ಲ ಅವನು ಒಂದು ತಗಡಿನ ಡಬ್ಬಿಯಲ್ಲಿ ಬಚ್ಚಿಟ್ಟಿದ್ದ. ಹೆಂಡತಿ ಆ ಡಬ್ಬಿ ನೋಡಿಯೂ ನೋಡದವಳಂತಿದ್ದಳು. ಪ್ಲಾಸ್ಟಿಕ್ ಪುಡಿ ತಂದುಕೊಡುವ ವ್ಯಾಪಾರಿ ಮಾತಿಗೆ ಮಾತು ಬಂದು, ಬೇರೆ ಕಡೆ ಈಗ ಯಾರೂ ಬರೆಯುವುದಿಲ್ಲವಂತೆ, ಒಳ್ಳೆ ಕ್ಯಾಮೆರಾದಲ್ಲಿ ಕಣ್ಣಿನ ಫೋಟೋ ತೆಗೆದು ಮನೆಯಲ್ಲೇ ಪ್ರಿಂಟು ಹಾಕಿ ಕೂರಿಸುತ್ತಾರಂತೆ ಎಂದಿದ್ದ. ಆ ಮಾತು ಹೇಳಿ ಅವನು ಹೋದ. ಗಂಡಹೆಂಡತಿಗೆ ಊಟ ಸೇರಲಿಲ್ಲ. ಸೋರುವ ಚಾವಣಿಗೆಂದು ಎತ್ತಿಟ್ಟಿದ್ದ ಗಂಟು ಬಿಚ್ಚಿಕೊಂಡು ಹೊರಟರು.

"ಇದರಲ್ಲಿ ಇನ್ನೊಂದು ವಿಶೇಷ ಇದೆ ಸಾರ್," ಎಂದು ಅಂಗಡಿಯವನು ಕ್ಯಾಮೆರಾದ ಲೆನ್ಸಿನ ಬದಿಯಲ್ಲಿದ್ದ ಪುಟ್ಟ ಗುಂಡಿ ತೋರಿಸಿದ. "ಇದನ್ನ ಹಾಕ್ಬಿಟ್ರೆ ಕೈ ನಡುಗಿದ್ರೂ ಫೋಟೋ ನಡುಗಲ್ಲ."

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಹೆಂಡತಿ, ಇರಲಿ, ವಯಸ್ಸಾದ ಮೇಲೆ ಬೇಕಾಗತ್ತೆ ಎಂದಳು. ಕಣ್ಣುಮಾಮ ಮಾತ್ರ ಆ ಗುಂಡಿಯನ್ನೇ ನೋಡುತ್ತ ನಿಂತುಬಿಟ್ಟ. ಅಷ್ಟು ಚಿಕ್ಕ ಗುಂಡಿ. ಅಂಥದೊಂದನ್ನು ಮನುಷ್ಯನ ಮೊಣಕೈಯಲ್ಲಿ ಇಡುವುದಕ್ಕೆ ಯಾರಿಗೂ ತೋಚಲಿಲ್ಲವಲ್ಲ ಎನ್ನಿಸಿತು.

ಪ್ರಿಂಟರು ಆರಿಸುವಾಗ ಅವನಿಗೆ ಹಳೆಯ ಗತ್ತು ಬಂತು. ಮನೆಯಲ್ಲಿ ಕಂಪ್ಯೂಟರ್ ಇಲ್ಲ, ಕ್ಯಾಮೆರಾದ ಕಾರ್ಡನ್ನು ನೇರವಾಗಿ ಚುಚ್ಚಿದರೆ ಪ್ರಿಂಟು ಬರಬೇಕು ಎಂದ. ಅಂಥವು ಎರಡಿದ್ದವು. ಹೆಂಡತಿಯ ಕಣ್ಣಿನ ಫೋಟೋ ತೆಗೆಸಿ ಎರಡರಲ್ಲೂ ಹಾಕಿಸಿದ. ಅಂಗಡಿಯವನು ಮೊದಲನೆಯದನ್ನು ಎತ್ತಿ ಹಿಡಿದು, ನೋಡಿ, ಎಷ್ಟು ಥಳಥಳ ಎಂದ. ಕಣ್ಣುಮಾಮ ಎರಡು ಹಾಳೆಯನ್ನೂ ಎಡಗೈಯಲ್ಲಿ ಹಿಡಿದು ಬೀದಿಗೆ ನಡೆದ. ಹಿಂದೆ ಬಂದ ಹೆಂಡತಿಯನ್ನು ಕಾಲುದಾರಿಯ ಮೇಲೆ ಬಿಸಿಲಿಗೆ ಮುಖ ಮಾಡಿ ನಿಲ್ಲಿಸಿ, ಅವಳ ಕೆನ್ನೆಯ ಪಕ್ಕಕ್ಕೇ ಹಾಳೆ ಹಿಡಿದು ನೋಡಿದ. ಹೋಗುವವರು ನಿಂತು ನೋಡಿದರು. ಥಳಥಳ ಎಂದದ್ದು ಕೆಂಪಿಗೆ ತಿರುಗಿತ್ತು. ಇನ್ನೊಂದು ಮಂಕಾಗಿತ್ತು, ಆದರೆ ನಿಜವಾಗಿತ್ತು.

"ಮದುವೆಯಾದಾಗಿಂದ ಇಷ್ಟು ಹೊತ್ತು ನನ್ನ ಮುಖ ನೋಡಿರಲಿಲ್ಲ ನೀವು," ಎಂದಳು ಅವಳು.

"ಅಲ್ಲಾಡ್ಬೇಡ."

ಒಳಗೆ ಬಂದ ಮೇಲೆ ಅವಳು ಬ್ಯಾಗಿನಿಂದ ಸೀಸೆ ತೆಗೆದು, ಪ್ಲಾಸ್ಟಿಕ್ ಕಲಸುವ ದ್ರವದ ಒಂದು ಹನಿಯನ್ನು ಆ ಮಂಕು ಹಾಳೆಯ ಮೇಲೆ ಬಿಟ್ಟಳು. ಅಂಗಡಿಯವನು ಮೂಗು ಮುಚ್ಚಿಕೊಂಡ. ಶಾಯಿ ಕದಲಲಿಲ್ಲ. ಇದೇ ಕೊಡಪ್ಪ ಎಂದಳು.

ಮನೆಯಲ್ಲಿ ಟೀಚರಮ್ಮನನ್ನು ಮತ್ತೆ ಕಿಟಕಿಯ ಎದುರು ಕೂರಿಸಿದರು. ಕಣ್ಣುಮಾಮನಿಗೆ ಹೊಸ ವಿಧಾನ ಕೈಹತ್ತಿದೆ ಎಂದು ಹೆಂಡತಿ ಆಕೆಗೆ ಹೇಳಿದ್ದಳು. ಫ್ಲಾಶ್ ಹಾಕಿದರೆ ಪಾಪೆ ಸೂಜಿಮೊನೆಯಷ್ಟಾಗಿ ಕಣ್ಣು ಹೆದರಿದಂತೆ ಕಾಣುತ್ತಿತ್ತು. ಕಿಟಕಿ ಮುಚ್ಚಿ ಬಲ್ಬು ಹಾಕಿದರೆ ಪಾಪೆ ಅಗಲವಾಗಿ ಬಣ್ಣವೇ ಸಾಯುತ್ತಿತ್ತು. ಕೊನೆಗೆ ಹಳೆಯ ಕಿಟಕಿಯ ಬೆಳಕೇ ಸರಿ ಎಂದಾಯಿತು. ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಕೂರಿಸಿ, ಹಿಂದೆ ಮುಂದೆ ಸರಿಸಿ ಅಳತೆ ಹೊಂದಿಸಿದರು. ಕಣ್ಣುಮಾಮ ಅದರ ಹಿಂದೆ ಬಗ್ಗಿ ಎಡಗೈಯಲ್ಲಿ ಫೋಟೋ ತೆಗೆದ. ಪ್ರಿಂಟರು ಗೊರಗೊರ ಎನ್ನುತ್ತ ಹಾಳೆಯನ್ನು ಹೊರಗೆ ತಳ್ಳಿದಾಗ ಕಣ್ಣುಮಾಮ ಅದನ್ನು ಎಡಗೈಯಲ್ಲಿ ಎತ್ತಿಕೊಂಡ. ಕಂದು ಬಣ್ಣ, ಅಂಚಿನ ಬೂದು, ಪಾಪೆಯ ಸುತ್ತ ಹೊಂಬಣ್ಣದ ಎಳೆ, ಎಲ್ಲವೂ ಇತ್ತು. ಕಣ್ಣು ಹಾಳೆಯ ಮೇಲೆ ಹೊಳೆಯುತ್ತಿತ್ತು.

"ಎಷ್ಟು ಜೀವ ಇದೆ ನೋಡೇ," ಎಂದ. ತಿಂಗಳುಗಳ ಮೇಲೆ ಅವನ ದನಿ ಎತ್ತರವಾಗಿತ್ತು. ಅಡುಗೆಮನೆಗೆ ಹೋಗಿ ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು ಬಂದಳು.

ಬಿಲ್ಲೆ ಕೂತಿತು, ಬೆಂದಿತು, ಉಜ್ಜಿಸಿಕೊಂಡಿತು. ಶನಿವಾರ ಟೀಚರಮ್ಮ ಕಪ್ಪು ಕನ್ನಡಕ ಹಾಕಿಕೊಂಡು ಬಂದಳು. ಆ ಕನ್ನಡಕಕ್ಕಾಗಿ ಬೀದಿಯ ಮಕ್ಕಳು ತನಗೆ ಪತ್ತೇದಾರಿ ಎಂದು ಹೆಸರಿಟ್ಟಿದ್ದಾರೆ, ಸದ್ಯ, ಇವತ್ತಿಗೆ ಅದರ ಕಾಟ ಮುಗಿಯಲಿ ಎಂದಳು. ಕಿಟಕಿಯ ಎದುರು ಕೂತು, ಹೊಸ ಕಣ್ಣನ್ನು ರೆಪ್ಪೆಯಡಿಗೆ ಸೇರಿಸಿ, ಕೈಗನ್ನಡಿ ಹಿಡಿದು ನೋಡಿದಳು. ಬಹಳ ಹೊತ್ತು ನೋಡಿದಳು. "ಯಾವುದು ನನ್ನದು ಅಂತ ನಂಗೇ ಮರೆತುಹೋಗತ್ತೆ," ಎಂದಳು.

ಆಮೇಲೆ ಎದ್ದು, ಕಿಟಕಿಗೆ ಬೆನ್ನು ಮಾಡಿ, ಕನ್ನಡಕವನ್ನು ಚೀಲದೊಳಗೆ ಹಾಕಿಕೊಳ್ಳುತ್ತ ಗೋಡೆಯ ಪಕ್ಕ ನಿಂತಿದ್ದ ಕಣ್ಣುಮಾಮನಿಗೆ ಏನೋ ಹೇಳಿದಳು. ಅವನಿಗೆ ಕೇಳಿಸಲಿಲ್ಲ. ಆಕೆಯ ಬಲಗಣ್ಣು ನೆರಳಿನಲ್ಲಿ ಬರಿ ಕಂದಾಗಿತ್ತು. ಹೊಸ ಎಡಗಣ್ಣಿನಲ್ಲಿ ಒಂದು ಕಿಟಕಿ ಬೆಳಗುತ್ತಿತ್ತು. ನಾಲ್ಕು ಗಾಜು, ನಡುವೆ ಚೌಕಟ್ಟಿನ ಅಡ್ಡಪಟ್ಟಿ. ನಿಜವಾದ ಕಿಟಕಿ ಆಕೆಯ ಬೆನ್ನ ಹಿಂದಿತ್ತು.

ಜೀವ ಎಂದು ಅವನು ಕುಣಿದಾಡಿದ್ದು ಅದನ್ನೇ. ಇಡೀ ಬದುಕು ಅವನ ನೋಟ ದಾಟಿ ಹೋಗಿದ್ದನ್ನು ಕ್ಯಾಮೆರಾ ದಾಟಿರಲಿಲ್ಲ. ಕೆಲಸ ಮಾಡುವಾಗ ಕೋಣೆಯ ಕಿಟಕಿಯ ಬೆಳಕು ಇದರ ಮೇಲೆಯೇ ಬಿದ್ದು ಒಂದಾಗುತ್ತಿತ್ತು; ಹೆಂಡತಿಯೂ ತಾನು ಉಜ್ಜಿದ ಹೊಳಪೆಂದೇ ತಿಳಿದಿದ್ದಳು.

ಅವಳಿಗೂ ಈಗ ಕಂಡಿತ್ತು. ಟೀಚರಮ್ಮನ ಹೆಗಲ ಮೇಲಿಂದ ಗಂಡನ ಕಡೆ ನೋಡಿ ಸಣ್ಣಗೆ ತಲೆಯಾಡಿಸಿದಳು: ಬಿಟ್ಟುಬಿಡಿ. ಆಕೆ ಸಂತೋಷವಾಗಿದ್ದಾಳೆ, ಬಾಗಿಲು ಎರಡು ಹೆಜ್ಜೆ ದೂರ. ಕಣ್ಣುಮಾಮ ಬಿಟ್ಟುಬಿಡುವುದಕ್ಕೆ ನೋಡಿದ. ಟೀಚರಮ್ಮ ಚಪ್ಪಲಿ ಮೆಟ್ಟುವವರೆಗೂ ಸುಮ್ಮನಿದ್ದ.

"ಟೀಚರಮ್ಮ, ಕಣ್ಣು ವಾಪಸ್ ಕೊಡಿ."

"ಯಾಕೆ? ಚೆನ್ನಾಗಿದೆಯಲ್ಲ."

"ಚೆನ್ನಾಗಿಲ್ಲ. ಕಿಟಕಿ ಉಳ್ಕೊಂಡಿದೆ."

ಅವನು ಹೇಳಿದಂತೆ ಆಕೆ ಕಿಟಕಿಗೆ ಬೆನ್ನು ಹಾಕಿ ಕೈಗನ್ನಡಿಯಲ್ಲಿ ನೋಡಿಕೊಂಡಳು. ಮುಖದಿಂದ ನಗು ಒಂದೇ ಸಲಕ್ಕೆ ಇಳಿಯಲಿಲ್ಲ, ಮೆಲ್ಲಗೆ ಇಳಿಯಿತು. "ನೀವು ಹೇಳದಿದ್ರೆ ನಂಗೆ ಗೊತ್ತೇ ಆಗ್ತಿರಲಿಲ್ಲ," ಎಂದಳು.

"ಮೊದಲನೇ ಬೆಂಚಿನೋರಿಗೆ ಗೊತ್ತಾಗ್ತಿತ್ತು."

ಆಕೆ ಕೂತಳು. ಕಣ್ಣನ್ನು ತೆಗೆದು ಮೇಜಿನ ಮೇಲಿನ ಸ್ಟೀಲ್ ಬಟ್ಟಲಿನಲ್ಲಿಟ್ಟಳು. ಹಿಂದಿನ ಕಣ್ಣು ಇಷ್ಟು ವರ್ಷ ಬಂತು, ಅದರಲ್ಲಿ ಇಂಥದ್ದೇನೂ ಇರಲಿಲ್ಲ, ಈ ಹೊಸ ವಿಧಾನ ನನಗೆ ಬೇಡ ಎಂದಳು. "ಮೊದಲಿನ ಹಾಗೆ ಕೈಯಲ್ಲೇ ಬರೆದುಕೊಡಿ. ನೀವು ಬರೆದ್ರೆ ಒಂದು ದಿನದ ಕೆಲಸ."

ಹೆಂಡತಿ ಏನೋ ಅಡ್ಡ ಮಾತು ಹುಡುಕುವಷ್ಟರಲ್ಲಿ ಕಣ್ಣುಮಾಮ ಬಲಗೈಯನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟ. ಕೈಯ ಜೊತೆ ಮೇಜು ನಡುಗಿತು. ಬಟ್ಟಲಿನೊಳಗೆ ಕಣ್ಣು ಕಿಣಿಕಿಣಿ ಎನ್ನತೊಡಗಿತು. ಆ ಸದ್ದು ನಿಲ್ಲಲೆಂದು ಮೂವರೂ ಕಾದರು. ಅದು ನಿಲ್ಲಲಿಲ್ಲ.

"ಇದು ಇನ್ನು ಬರೆಯಲ್ಲ," ಎಂದ ಅವನು. "ಅದಕ್ಕೇ ಕ್ಯಾಮೆರಾ ತಂದೆ. ಅದೂ ಹೀಗಾಯ್ತು. ನಿಮ್ಮದೊಂದಾದ್ರೂ ಆಗತ್ತೆ ಅನ್ಕೊಂಡಿದ್ದೆ. ಅದೂ ಇಲ್ಲ."

ಟೀಚರಮ್ಮ ಕನ್ನಡಕವನ್ನು ಚೀಲದಿಂದ ಹೊರಗೆ ತೆಗೆದಳು. ಪರವಾಗಿಲ್ಲ, ಸೋಮವಾರ ಪತ್ತೇದಾರಿಯಾಗಿಯೇ ಹೋಗುತ್ತೇನೆ ಎಂದಳು, ಆದರೆ ಹಾಕಿಕೊಳ್ಳಲಿಲ್ಲ. ಅದರ ಕಡ್ಡಿಗಳನ್ನು ತೆರೆಯುತ್ತ ಮಡಿಸುತ್ತ ಕೂತಳು.

ಹೆಂಡತಿ ಎದ್ದಳು. ಪ್ರಿಂಟು ಹಾಕಿದ ಹಾಳೆಯಲ್ಲಿ ಅದೇ ಕಣ್ಣಿನ ಇನ್ನೂ ಕೆಲವು ಪ್ರತಿಗಳು ಉಳಿದಿದ್ದವು. ಒಂದನ್ನು ಕತ್ತರಿಸಿ ಭೂತಗನ್ನಡಿಯ ಕೆಳಗಿಟ್ಟು, ಗಂಡನ ಸ್ಟೂಲನ್ನು ಎಳೆದುಕೊಂಡು ಕೂತಳು. ಎಲ್ಲಕ್ಕಿಂತ ತೆಳುವಾದ ಕುಂಚವನ್ನು ಎತ್ತಿಕೊಂಡಳು.

"ಏನ್ ಮಾಡ್ತಿದೀಯೇ?"

"ಕಿಟಕಿ ಮುಚ್ತೀನಿ. ಬಣ್ಣ ಹೇಳಿ."

"ಕುಂಚ ಹಿಡಿದು ಗೊತ್ತಾ ನಿಂಗೆ?"

"ಇಲ್ಲ. ನಿಮಗೆ ಗೊತ್ತಲ್ಲ."

ಅವನು ಟೀಚರಮ್ಮನ ಎದುರು ಬಂದು ಬಗ್ಗಿ, ಆಕೆಯ ಕಣ್ಣನ್ನು ನೋಡಿದ. ಅವನ ಕೈಗೆ ಗೊತ್ತಿದ್ದ ಬಣ್ಣಗಳಿಗೆ ಬಾಯಲ್ಲಿ ಹೆಸರಿರಲಿಲ್ಲ. ತಡವರಿಸಿದ. ಟೀ ಸೋಸಿದ ಮೇಲೆ ಉಳಿಯುವ ಚರಟ ಎಂದ. ಅವಳು ಕಲಸಿದಳು. ಜಾಸ್ತಿಯಾಯಿತು, ಹಾಲು ಬಿದ್ದ ಹಾಗಿರಲಿ ಎಂದ. ಮೊದಲ ಬಿಲ್ಲೆ ಕೆಸರಾಯಿತು; ಅವಳು ಅದನ್ನು ತಗಡಿನ ಡಬ್ಬಿಯ ಮುಚ್ಚಳ ತೆಗೆದು ಒಳಗೆ ಹಾಕಿ, ಇನ್ನೊಂದು ಕತ್ತರಿಸಿಕೊಂಡಳು. ಡಬ್ಬಿ ಎಲ್ಲಿದೆ ಎಂದು ಕೇಳಲಿಲ್ಲ. ಒಳಗಿಂದ ಹೊರಕ್ಕೆ ಎಳಿ, ಒತ್ತಬೇಡ, ನೊಣದ ಕಾಲಿನ ಹಾಗೆ ಎಂದ. ಅವಳ ಕೈ ಕಲ್ಲಿನಂತೆ ನಿಂತಿತ್ತು. ಟೀಚರಮ್ಮ ರೆಪ್ಪೆ ಬಡಿಯದೆ ಕೂತಿದ್ದಳು. ಬಡಿಯಬಹುದು ಎಂದು ಯಾರಾದರೂ ಹೇಳಬೇಕಿತ್ತು, ಯಾರಿಗೂ ನೆನಪಾಗಲಿಲ್ಲ.

ಮೇಲಿನ ಒಂದು ಗಾಜು ಮುಚ್ಚಿತು. ಪಕ್ಕದ್ದು ಮುಚ್ಚಿತು. ಹಳೇ ತಾಮ್ರ, ಒಣಗಿದ ಎಲೆ, ಮತ್ತೆ ಚರಟ ಎಂದು ಅವನು ಹೇಳುತ್ತಲೇ ಹೋದ. ಅವನ ಬಲಗೈ ಪಕ್ಕದಲ್ಲಿ ಇಳಿಬಿದ್ದು ನಡುಗುತ್ತಿತ್ತು. ಅದನ್ನು ಜೇಬಿಗೆ ಹಾಕಲು ಮರೆತಿದ್ದ. ಕೆಳಗಿನ ಗಾಜುಗಳೂ ಕಂದಿನೊಳಗೆ ಹೋದವು. ಅವಳ ಕುಂಚ ನಿಂತಿತು.

"ಇನ್ನೇನು?" ಎಂದ.

ಅವಳು ಪಕ್ಕಕ್ಕೆ ಸರಿದು ಜಾಗ ಕೊಟ್ಟಳು. ಅವನು ಭೂತಗನ್ನಡಿಯೊಳಗೆ ಬಗ್ಗಿ ನೋಡಿದ. ಬೆಳಕಿನ ಕಿಟಕಿ ಹೋಗಿತ್ತು. ಅದರ ನಡುವೆ ನಿಂತಿದ್ದ ಒಂದು ಕಪ್ಪು ಆಕೃತಿ ಮಾತ್ರ ಉಳಿದಿತ್ತು. ಎಳ್ಳುಕಾಳಿನಷ್ಟೂ ಇಲ್ಲ, ಆದರೂ ಅವನದೇ ಬೋಳುತಲೆ, ಬಗ್ಗಿದ ಹೆಗಲು, ಮುಖಕ್ಕೆ ಅಡ್ಡ ನಿಂತ ಕ್ಯಾಮೆರಾ ಎಲ್ಲ ತಿಳಿಯುತ್ತಿತ್ತು.

"ಅದನ್ನೂ ಮುಚ್ಚು," ಎಂದ.

ಅವಳು ಕುಂಚವನ್ನು ಬಣ್ಣಕ್ಕೆ ಅದ್ದಿದಳು. ತುದಿಯನ್ನು ಬಣ್ಣದ ಬಟ್ಟಲಿನ ಅಂಚಿಗೆ ಒರೆಸಿ ಮೊನೆ ಮಾಡಿಕೊಂಡಳು. ಬಿಲ್ಲೆಯ ಮೇಲೆ ಕುಂಚವನ್ನು ಹಿಡಿದು ಹಾಗೇ ಕೂತಳು. ಕುಂಚದ ತುದಿಯ ಬಣ್ಣ ಒಣಗಿತು, ಅವಳು ಮತ್ತೆ ಅದ್ದಿಕೊಂಡಳು.