ದೇವರ ಮನೆಯಲ್ಲದ ಕೋಣೆ

ರಂಗಲಕ್ಷ್ಮಮ್ಮನಿಗೆ ಹೊಸ ಮನೆಯ ಹಾಲ್ ಬೇಡ, ಪೋರ್ಟಿಕೋ ಬೇಡ, ರೆಡ್ ಆಕ್ಸೈಡ್ ನೆಲವೂ ಬೇಡ. ಬೇಕಾಗಿದ್ದುದು ಒಂದು ಕಕ್ಕಸು. ತನ್ನದೇ ಆದದ್ದು, ಒಳಗಿನಿಂದ ಚಿಲಕ ಹಾಕಿಕೊಳ್ಳುವಂಥದ್ದು. ಚಿಕ್ಕಪೇಟೆಯ ವಠಾರದಲ್ಲಿ ಎಂಟು ಸಂಸಾರಕ್ಕೆ ಒಂದೇ ಇತ್ತು. ಬೆಳಿಗ್ಗೆ ಚೊಂಬು ಹಿಡಿದು ಸಾಲಿನಲ್ಲಿ ನಿಂತು, ಒಳಗೆ ಹೋದವರ ಮೇಲೆ ಹಲ್ಲು ಮಸೆದೂ ಮಸೆದೂ ಅವಳ ಹಲ್ಲುಗಳೇ ಸವೆದಿದ್ದವು.

ಹಾಗಾಗಿ ಶಿರಾ ಗೇಟಿನಾಚೆ ಕಟ್ಟಿ ಮುಗಿಸಿದ ಕಾಲೋನಿಯಲ್ಲಿ ಗಂಡ ನರಸಿಂಹಯ್ಯನ ಹೆಸರಿಗೆ ಮನೆ ಬಂದ ದಿನ ಅವಳು ತುಪ್ಪದ ದೀಪ ಹಚ್ಚಿದಳು. ಆದರೆ ಹುಲಿಯೂರುದುರ್ಗದ ಮಾವ ಅಡವಿಯಪ್ಪ ನೋಡಿ ಹೂಂ ಅನ್ನಬೇಕಿತ್ತು. ಅಪ್ಪ ಹಾಕಿದ ಗೆರೆಯನ್ನು ನರಸಿಂಹಯ್ಯ ದಾಟಿದವನಲ್ಲ. ಅಪ್ಪನೋ, "ಉಣ್ಣೋ ಮನೆಯೊಳಗೆ ಅದನ್ನ ಇಕ್ಕೊಳೋರು ಮನುಸ್ರಾ?" ಎಂದು ಹೋದ ವರ್ಷ ಒಳಗೇ ಕಕ್ಕಸಿದ್ದ ಬಾಡಿಗೆ ಮನೆಯೊಂದನ್ನು ಬೇಡವೆಂದಿದ್ದವರು.

"ಕಕ್ಕಸಿನ ಮಾತೇ ಎತ್ಬೇಡ ಕಣೇ. ಹಾಲುಕ್ಕಿಸಿದ ಮೇಲೆ ನಿಧಾನಕ್ಕೆ ಹೇಳಿದ್ರಾಯ್ತು," ಎಂದ ನರಸಿಂಹಯ್ಯ. ಎತ್ತುವ ಮಾತೆಲ್ಲಿ ಬಂತು? ಸೆರಗು ಸರಿಮಾಡಿಕೊಳ್ಳದೆ ಮಾವನ ಎದುರು ನಿಂತವಳೇ ಅಲ್ಲ ಅವಳು.

ಭಾನುವಾರ ಅಡವಿಯಪ್ಪ ಬಂದಿಳಿದರು. ಕಂಕುಳಲ್ಲಿ ಟವಲು ಸುತ್ತಿದ ಮನೆದೇವರ ಪಟ, ಮುಖದಲ್ಲಿ ಗಂಟು. "ಮೊದ್ಲು ಕಾಲೋನಿ ನೋಡಾನ ನಡೀರಿ," ಎಂದರು.

ನೋಡಿದ್ದೇನು, ಓಡಿದ್ದೇ. ತಟ್ಟೆ ಇಡ್ಲಿಗಳ ಹಾಗೆ ಒಂದೇ ಅಚ್ಚಿನ ಹಳದಿ ಮನೆಗಳ ಸಾಲುಗಳನ್ನೆಲ್ಲ ಅವರು ಸುತ್ತಿದರು. ಪ್ರತಿ ಸಾಲಿನ ಹಿತ್ತಲಿಗೂ ಹೋಗಿ ಇಣುಕಿದರು. ನೀರಿನ ಟ್ಯಾಂಕಿನ ಹಿಂದೆ ಹೋದವರು, ಅಲ್ಲಿ ವಾಚ್‌ಮನ್ ಬೀಡಿ ಸೇದುತ್ತಿದ್ದುದನ್ನು ಕಂಡು ಹಿಂದಿರುಗಿದರು.

"ಇಲ್ಲಿದ್ದ ಗಿಡಗಂಟೆ ಎಲ್ಲ ಏನಾದ್ವು?"

"ಬುಲ್ಡೋಜರ್ ಬಿಟ್ಟು ಸಪಾಟು ಮಾಡವ್ರೆ ಕಣಪ್ಪ. ಒಂದು ಪೊದೆ ಉಳಿಸಿಲ್ಲ," ಎಂದ ಮಗ, ತಾನೇ ಬುಲ್ಡೋಜರ್ ಓಡಿಸಿದವನಂತೆ.

"ಒಂದೂ?" ಎಂದರು ಅಡವಿಯಪ್ಪ, ದನಿ ಉಡುಗಿ. ಪಾಪ, ಹಳ್ಳಿಯ ಜೀವ, ಗಿಡಮರಕ್ಕೆ ಮರುಗುತ್ತದೆ ಎಂದುಕೊಂಡಳು ಸೊಸೆ.

ಮನೆಯೊಳಗೆ ಹಾಲ್, ಅಡಿಗೆಮನೆ ಯಾವುದೂ ಅವರ ಕಣ್ಣಿಗೆ ಹತ್ತಲಿಲ್ಲ. ಹಿಂದಿನ ಪುಟ್ಟ ಬಾಗಿಲು ತೆರೆದಾಗ ಮಾತ್ರ ನಿಂತುಬಿಟ್ಟರು. ಗೋಡೆಗೆ ಬಿಳಿ ಟೈಲ್ಸ್, ಮೇಲೊಂದು ಕಿಂಡಿ, ಒಂದು ಮೆಟ್ಟಿಲು ಏರಿದರೆ ಕಟ್ಟೆ. ಸಿಮೆಂಟು ಬೀಳದಿರಲೆಂದು ಗಾರೆಯವರು ಗುಂಡಿಗೆ ಮರಳು ತುಂಬಿ ಗೋಣಿತಾಟು ಹೊದಿಸಿದ್ದರಿಂದ ಒಳಗುಟ್ಟು ಕಾಣುತ್ತಿರಲಿಲ್ಲ.

"ದೇವ್ರ ಮನೆ ಅಂದ್ರೆ ಇದು ಕಣ್ಲಾ. ಪೀಠನೂ ಕಟ್ಟವ್ರೆ. ಒಪ್ಕಂಡೆ ಬುಡು," ಎಂದು ಅಡವಿಯಪ್ಪ ಪಟ ಬಿಚ್ಚತೊಡಗಿದರು.

ನರಸಿಂಹಯ್ಯ ಸೂರು ನೋಡುತ್ತ ನಿಂತ. ಮನೆ ಸಿಕ್ಕಿತಲ್ಲ, ಅವನಿಗಷ್ಟೇ ಸಾಕು. ರಂಗಲಕ್ಷ್ಮಮ್ಮ ಒಂದು ಹೆಜ್ಜೆ ಮುಂದೆ ಬಂದಳು. ಒಮ್ಮೆ ಕೂತ ದೇವರನ್ನು ಎಬ್ಬಿಸುವವರು ಯಾರು? ಮಾವ ಮೆಟ್ಟಿಲಿಗೆ ಕಾಲೆತ್ತಿದರು.

"ಮಾವಾ, ಅದು ದೇವ್ರ ಮನೆ ಅಲ್ಲ."

"ಮತ್ತೆ?"

"ಅದು... ಹೊರಗಡೆಗೆ ಹೋಗೋ ಜಾಗ."

"ಒಳಗಡೆ ಐತಲ್ಲಮ್ಮ."

"ಚೊಂಬಲ್ಲಿ ನೀರು ತಗೊಂಡು ಹೋಗ್ತಾರಲ್ಲ, ಅದು."

"ತೀರ್ಥಕ್ಕಾ?"

ಅವಳ ತಾಳ್ಮೆ ಹರಿಯಿತು. ನಾಚಿಕೆಯೂ ಅದರ ಜೊತೆಗೇ ಹೋಯಿತು. "ಕಕ್ಕಸು ಮಾವ. ನಂಗೆ ಇದು ಬೇಕು. ಇದಿಲ್ದಿದ್ರೆ ಈ ಮನೆಯೇ ಬ್ಯಾಡ."

ನರಸಿಂಹಯ್ಯ ಕಣ್ಣು ಮುಚ್ಚಿಕೊಂಡ. ಅಡವಿಯಪ್ಪ ಎತ್ತಿದ ಕಾಲನ್ನು ಮೆಲ್ಲಗೆ ಇಳಿಸಿ, ಪಟವನ್ನು ಮಗನ ಕೈಗಿತ್ತರು.

"ಇದ್ನ ಆಗ್ಲೇ ಹೇಳಬಾರ್ದೇನಮ್ಮ? ಕುಣಿಗಲ್ ದಾಟ್ದಾಗಿಂದ ತಡ್ಕಂಡಿವ್ನಿ. ಸೊಸೆ ಮುಂದೆ ಹೆಂಗೆ ಕೇಳ್ಲಿ?"

ರಂಗಲಕ್ಷ್ಮಮ್ಮ ಸೆರಗು ಸಿಕ್ಕಿಸಿ ಎರಡೂ ಕೈಯಲ್ಲಿ ಮರಳು ಬಾಚಿದಳು. ನರಸಿಂಹಯ್ಯ ದೇವರನ್ನು ಕಂಕುಳಲ್ಲಿಟ್ಟುಕೊಂಡೇ ನೀರಿಗೆ ಓಡಿದ. ಮಾವ ಒಳಗೆ ಹೋದರು, ಚಿಲಕ ಬಿತ್ತು.

ಬಹಳ ಹೊತ್ತಾದ ಮೇಲೆ ಒಳಗಿನಿಂದ ತೃಪ್ತಿಯ ದನಿ ಬಂತು:

"ರಂಗಲಕ್ಷ್ಮಮ್ಮ, ಮನೆ ವೈನಾಗೈತೆ ಕಣವ್ವ."